ಹೆಪ್ಪು ತಡೆದರೆ ಸಾಕೆ?

ಕ್ಯಾನ್ಸರ್ ರೋಗಿಯ ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಜಾರಿದರೆ ಜೀವಕ್ಕೇ ಕುತ್ತು. ಇದರ ಚಿಕಿತ್ಸೆಯ ದಿಕ್ಕು ಬದಲಿಸಿದ್ದು 2003ರಲ್ಲಿ ಆಗ್ನೆಸ್ ಲೀ ಮತ್ತು ಸಂಗಡಿಗರು ಪ್ರಕಟಿಸಿದ ‘ಕ್ಲಾಟ್’ ಟ್ರಯಲ್. ಅದಕ್ಕೆ ಮುಂಚೆ ವಾರ್ಫರಿನ್ ಜಾತಿಯ ಮಾತ್ರೆಗಳೇ ಗತಿ. ಊಟ ಸೇರದ, ಕಿಮೋದಿಂದ ವಾಂತಿ ಮಾಡಿಕೊಳ್ಳುವ ರೋಗಿಯಲ್ಲಿ ಅವುಗಳ ಹದ ನಿಲ್ಲುವುದು ಕಷ್ಟ. ಈ ಟ್ರಯಲ್‌ನಲ್ಲಿ ಆರು ತಿಂಗಳು ದಿನಕ್ಕೊಂದು ಡಾಲ್ಟೆಪರಿನ್ ಎಂಬ ಹೆಪ್ಪುತಡೆ ಇಂಜೆಕ್ಷನ್ ಪಡೆದ 336 ಜನರಲ್ಲಿ 27 ಮಂದಿಗೆ ಮತ್ತೆ ಹೆಪ್ಪುಗಟ್ಟಿತು. ಮಾತ್ರೆಯ ಗುಂಪಿನ ಅಷ್ಟೇ ಜನರಲ್ಲಿ 53 ಮಂದಿಗೆ.

ಗೆಲುವು ದೊಡ್ಡದೇ. ಆದರೆ ಅದೇ ಆರು ತಿಂಗಳಲ್ಲಿ ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ತೀರಿಕೊಂಡಿದ್ದರು. ಹೆಪ್ಪು ಕಡಿಮೆಯಾಯಿತು, ಸಾವು ಕಡಿಮೆಯಾಗಲಿಲ್ಲ. ಉಳಿದಿರುವ ದಿನಗಳನ್ನು ರೋಗಿ ಹೇಗೆ ಕಳೆದ, ದಿನವೂ ಹೊಟ್ಟೆಗೆ ಚುಚ್ಚಿಸಿಕೊಳ್ಳುವುದು ಅವನಿಗೆ ಸಹ್ಯವಾಯಿತೇ ಎಂಬ ಪ್ರಶ್ನೆಗೆ ತೂಕ ಬರಬೇಕಾದದ್ದು ಇಲ್ಲೇ. ಟ್ರಯಲ್ ಮುಖ್ಯವಾಗಿ ಎಣಿಸಿದ್ದು ಹೆಪ್ಪನ್ನು.

ಮುಂದೆ ಸೂಜಿಯ ಬದಲು ಹೊಸ ಮಾತ್ರೆಗಳು ಬಂದವು. 2018ರ ‘ಹೊಕುಸಾಯ್’ ಟ್ರಯಲ್‌ನಲ್ಲಿ ಎಡಾಕ್ಸಬಾನ್ ತೆಗೆದುಕೊಂಡವರಲ್ಲಿ ಹೆಪ್ಪು ಮರುಕಳಿಸಿದ್ದು ಶೇ 7.9, ಡಾಲ್ಟೆಪರಿನ್‌ನಲ್ಲಿ ಶೇ 11.3. ಗಂಭೀರ ರಕ್ತಸ್ರಾವದ ಲೆಕ್ಕ ಮಾತ್ರ ತಿರುಗುಮುರುಗು: ಶೇ 6.9ಕ್ಕೆ ಎದುರಾಗಿ ಶೇ 4. ಹೊಟ್ಟೆ, ಕರುಳಿನ ಕ್ಯಾನ್ಸರ್ ಇದ್ದವರೇ ಅದಕ್ಕೆ ಹೆಚ್ಚು ತುತ್ತಾದರು. 2020ರ ‘ಕಾರವಾಜೊ’ ಟ್ರಯಲ್‌ನಲ್ಲಿ ಇನ್ನೊಂದು ಹೊಸ ಮಾತ್ರೆ ಅಪಿಕ್ಸಬಾನ್ ಇಂಥ ಹೆಚ್ಚಿನ ರಕ್ತಸ್ರಾವ ತೋರಿಸಲಿಲ್ಲ. ಆದರೆ ಮಿದುಳಿನ ಗೆಡ್ಡೆ ಇದ್ದವರನ್ನೂ ತೀವ್ರ ಲ್ಯುಕೇಮಿಯಾದವರನ್ನೂ ಅದು ಒಳಗೇ ಬಿಟ್ಟುಕೊಂಡಿರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಔಷಧಿ ಕೊಟ್ಟರೆ ರಕ್ತ ಹರಿದೀತು, ಬಿಟ್ಟರೆ ಹೆಪ್ಪುಗಟ್ಟೀತು ಎಂಬ ಇಕ್ಕಟ್ಟು ಯಾರಿಗೆ ಅತಿ ಬಿಗಿಯೋ ಅವರೇ ಟ್ರಯಲ್‌ನ ಬಾಗಿಲಾಚೆ ನಿಲ್ಲುತ್ತಾರೆ. ಸುರಕ್ಷತೆಗಾಗಿ ಅವರನ್ನು ಹೊರಗಿಟ್ಟದ್ದು ತಪ್ಪಲ್ಲ. ಅವರಿಗಾಗಿಯೇ ಬೇರೆ ಟ್ರಯಲ್ ಕಟ್ಟದಿರುವುದು ತಪ್ಪು. ಹೀಗಾಗಿ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಎಣಿಕೆ 50 ಸಾವಿರಕ್ಕಿಂತ ಕೆಳಗಿಳಿದ ದಿನ ವೈದ್ಯರು ಡೋಸ್ ಅರ್ಧ ಮಾಡುವುದೋ ನಿಲ್ಲಿಸುವುದೋ ಬಹುಮಟ್ಟಿಗೆ ಅನುಭವದ ಮೇಲೆಯೇ.

2025ರ ‘ಎಪಿಐ-ಕ್ಯಾಟ್’ ಸರಿಯಾದ ಪ್ರಶ್ನೆ ಎತ್ತಿದೆ: ಆರು ತಿಂಗಳ ಚಿಕಿತ್ಸೆ ಮುಗಿಸಿದವರಿಗೆ ಅಪಿಕ್ಸಬಾನ್‌ನ ಅರ್ಧ ಡೋಸ್ ಸಾಲದೇ? ಹೆಪ್ಪು ಹೆಚ್ಚಲಿಲ್ಲ, ರಕ್ತಸ್ರಾವ ಇಳಿಯಿತು. ಹೊಸ ಔಷಧಿಗಳ ಪೈಪೋಟಿಗಿಂತ, ಇರುವ ಔಷಧಿಯನ್ನು ಎಷ್ಟು ಕಡಿಮೆ ಕೊಟ್ಟರೆ ಸಾಕು, ಯಾವಾಗ ನಿಲ್ಲಿಸಬೇಕು ಎಂದು ಕೇಳುವ ಇಂಥ ಟ್ರಯಲ್‌ಗಳೇ ಈಗ ಬೇಕು.