ಮಾತು ಬಿಟ್ಟ ನಾಟಕಕಾರ: ನಿರಂಜನ ಪಾಲ್

ಮಲಾಡ್ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕಿಳಿದು ವಿಚಾರಿಸಿದರೆ 'ಬಾಂಬೆ ಟಾಕೀಸ್ ಕಂಪೌಂಡ್' ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಹೆಸರು ಉಳಿದಿದೆ, ಸ್ಟುಡಿಯೋ ಉಳಿದಿಲ್ಲ. ಅಲ್ಲಿ ತಯಾರಾದ ಚಿತ್ರಗಳ ಮಾತೆತ್ತಿದರೆ ನಮ್ಮ ಹಿರಿಯರು ದೇವಿಕಾ ರಾಣಿ, ಅಶೋಕ್ ಕುಮಾರ್, ಹಿಮಾಂಶು ರಾಯ್ ಎಂದು ಬೆರಳು ಮಡಿಚುತ್ತಾರೆ. ಬೆಂಗಳೂರಿನ ಕಡೆಯವರಾದರೆ, ದೇವಿಕಾ ರಾಣಿ ಮುಂದೆ ರೋರಿಕ್ ಅವರ ಕೈ ಹಿಡಿದು ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದ್ದನ್ನೂ ಸೇರಿಸುತ್ತಾರೆ. ಆದರೆ ಆ ಚಿತ್ರಗಳ ಕಥೆ ಬರೆದವರು ಯಾರು ಎಂದು ಕೇಳಿ ನೋಡಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಬರೆದವರು ನಿರಂಜನ ಪಾಲ್. 1889ರಲ್ಲಿ ಕಲಕತ್ತೆಯಲ್ಲಿ ಹುಟ್ಟಿ, 1959ರಲ್ಲಿ ತೀರಿಕೊಂಡವರು. 'ಲಾಲ್-ಬಾಲ್-ಪಾಲ್' ಎಂದು ನಾವು ಶಾಲೆಯಲ್ಲಿ ಉರು ಹೊಡೆದ ತ್ರಯರಲ್ಲಿ ಮೂರನೆಯವರಾದ ಬಿಪಿನ್ ಚಂದ್ರ ಪಾಲರ ಮಗ. ಹರೆಯದಲ್ಲೇ ಇಂಗ್ಲೆಂಡಿಗೆ ಹೋದ ಈ ಹುಡುಗ ಅಲ್ಲಿ ಕ್ರಾಂತಿಕಾರಿಗಳ ಒಡನಾಟಕ್ಕೆ ಬಿದ್ದ. ಸಾವರಕರರು ಬ್ರೈಟನ್ನಿನ ಕಡಲ ದಂಡೆಯಲ್ಲಿ ತಾಯ್ನಾಡನ್ನು ನೆನೆದು, ಮರಾಠಿ ಮನೆಮನೆಗಳಲ್ಲಿ ಇಂದಿಗೂ ಹಾಡುವ ಆ ಗೀತೆಯನ್ನು ಕಟ್ಟಿದಾಗ ಪಕ್ಕದಲ್ಲಿ ಕುಳಿತಿದ್ದವನು ತಾನೆಂದು ಪಾಲ್ ನೆನಪಿಸಿಕೊಂಡಿದ್ದಾರೆ. ಅಂಥ ತಂದೆಯ ಮಗ, ಅಂಥವರ ಗೆಳೆಯ, ಕೊನೆಗೆ ಆರಿಸಿಕೊಂಡದ್ದು ರಾಜಕಾರಣವನ್ನಲ್ಲ, ರಂಗಭೂಮಿಯನ್ನು. ಅಲ್ಲಿಂದ ಮೂಕಿ ಚಿತ್ರಗಳಿಗೆ. ಅಂದರೆ ಭಾಷಣಕಾರನ ಮಗ ಮಾತೇ ಇಲ್ಲದ ಕಲೆಗೆ ಕಥೆ ಕಟ್ಟುವವನಾದ!

ಪಾಲರು ನಾಟಕಕಾರರಾಗಿ ಹೆಸರು ಮಾಡಿದ್ದು ಲಂಡನ್ನಿನಲ್ಲಿ. 1922ರಲ್ಲಿ ಅಲ್ಲಿ ಆಡಲಾದ 'ದಿ ಗಾಡೆಸ್' ನಾಟಕದಲ್ಲಿ, ಕಾನೂನು ಓದಲು ಬಂದಿದ್ದ ಹಿಮಾಂಶು ರಾಯ್ ಎಂಬ ಬಂಗಾಳಿ ತರುಣನೂ ಬಣ್ಣ ಹಚ್ಚಿದ. ಇಬ್ಬರ ಜೋಡಿ ಕೂಡಿತು. ರಾಯ್‌ಗೆ ಹಣ ಕೂಡಿಸುವ, ಜನ ಕೂಡಿಸುವ ಚಾತುರ್ಯ. ಪಾಲ್‌ಗೆ ಕಥೆ ಕಟ್ಟುವ ಕಸುಬು. ಮ್ಯೂನಿಕ್ಕಿನ ಎಮೆಲ್ಕಾ ಕಂಪನಿಯನ್ನು ಒಪ್ಪಿಸಿ, ಜರ್ಮನ್ ನಿರ್ದೇಶಕ ಫ್ರಾಂಜ್ ಓಸ್ಟೆನ್ ಅವರನ್ನು ಭಾರತಕ್ಕೆ ಕರೆತಂದು ಮಾಡಿದ ಮೊದಲ ಚಿತ್ರ 1925ರ 'ಲೈಟ್ ಆಫ್ ಏಶಿಯಾ', ನಮ್ಮಲ್ಲಿ 'ಪ್ರೇಮ ಸನ್ಯಾಸ'. ಬಳಿಕ 1928ರಲ್ಲಿ 'ಶಿರಾಜ್', 1929ರಲ್ಲಿ 'ಎ ಥ್ರೋ ಆಫ್ ಡೈಸ್', ಅಂದರೆ 'ಪ್ರಪಂಚ ಪಾಶ'. ಈ ಮೂರೂ ಚಿತ್ರಗಳು ಸುದೈವದಿಂದ ಇಂದಿಗೂ ಉಳಿದಿವೆ. ನಮ್ಮ ದೇಶದ ಮೂಕಿ ಚಿತ್ರಗಳಲ್ಲಿ ಬಹುಪಾಲು ನಾಶವಾಗಿರುವಾಗ, ಒಬ್ಬನೇ ಲೇಖಕನ ಮೂರು ಕೃತಿಗಳನ್ನು ಒಟ್ಟಿಗೆ ನೋಡಿ ತೂಗುವ ಅವಕಾಶ ದೊರೆತಿರುವುದು ಸಣ್ಣ ಸಂಗತಿಯಲ್ಲ.

ನಾಟಕಕಾರನಿಗೆ ಮಾತೇ ಬಂಡವಾಳ. ಮೂಕಿ ಚಿತ್ರದಲ್ಲಿ ಆ ಬಂಡವಾಳವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ನಡುನಡುವೆ ಬರುವ ಬರಹದ ಫಲಕದಲ್ಲಿ ಒಂದೆರಡು ವಾಕ್ಯ, ಅಷ್ಟೆ. ನಮ್ಮ ಕನ್ನಡ ಚಿತ್ರರಂಗಕ್ಕೆ ಈ ಕಷ್ಟ ಹೆಚ್ಚು ಬರಲಿಲ್ಲ. 1934ರ 'ಸತಿ ಸುಲೋಚನ'ಕ್ಕೆ ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥ ರಂಗಭೂಮಿಯ ಲೇಖಕರೇ ಬಂದರು. ಮಾತು ಹಾಡುಗಳೊಂದಿಗೇ ನಮ್ಮ ಸಿನಿಮಾ ಕಣ್ಣು ತೆರೆಯಿತು. ಪಾಲರಾದರೋ ಮೌನದ ಶಾಲೆಯಲ್ಲಿ ಕಲಿತವರು. ಅವರು ಅಲ್ಲಿ ಕಲಿತದ್ದೇನು, ಕಲಿಯದೆ ಉಳಿದದ್ದೇನು ಎಂಬುದೇ ಈ ಲೇಖನದ ವಿಷಯ.

ಮೊದಲು 'ಪ್ರೇಮ ಸನ್ಯಾಸ'. ಆಧಾರ ಎಡ್ವಿನ್ ಆರ್ನಾಲ್ಡನ ಬುದ್ಧಕಾವ್ಯ. ಸ್ಟುಡಿಯೋ ಸೆಟ್ಟುಗಳಿಲ್ಲದೆ, ಜೈಪುರದ ಮಹಾರಾಜರ ನೆರವಿನಿಂದ ಆನೆ, ಕುದುರೆ, ಅರಮನೆಗಳನ್ನೆಲ್ಲ ಬಳಸಿ ತೆಗೆದ ಚಿತ್ರ. ಬುದ್ಧನಾಗಿ ಹಿಮಾಂಶು ರಾಯ್, ಗೋಪೆಯಾಗಿ ಸೀತಾದೇವಿ. ಬುದ್ಧನ ಕಥೆಯಲ್ಲಿ ಘನವಾದುದೆಲ್ಲ ಒಳಗೆ ನಡೆಯುವಂಥದು. ಅದನ್ನು ಕ್ಯಾಮೆರಾ ಹೇಗೆ ಹಿಡಿಯಬೇಕು? ಪಾಲರು ರೋಗಿ, ಮುದುಕ, ಹೆಣ ಎಂಬ ಮೂರು ದರ್ಶನಗಳ ಮೇಲೆ ಭಾರ ಹಾಕಿದರು. ಅವು ಕಣ್ಣಿಗೆ ಕಾಣುವ ಸಂಗತಿಗಳು. ಅವುಗಳನ್ನು ಕಂಡವನ ಮುಖವೂ ಕಾಣುತ್ತದೆ. ಇಷ್ಟರಮಟ್ಟಿಗೆ ಲೇಖಕರು ಗೆದ್ದರು.

ಆದರೆ ಕಥೆ ಆರಂಭವಾಗುವ ಬಗೆಯನ್ನು ಗಮನಿಸಿ. ಚಿತ್ರ ತೆರೆದುಕೊಳ್ಳುವುದು ಕಪಿಲವಸ್ತುವಿನಲ್ಲಲ್ಲ. ಭಾರತ ನೋಡಲು ಬಂದ ಪಾಶ್ಚಾತ್ಯ ಪ್ರವಾಸಿಗಳು ಬೀದಿ ಸುತ್ತಿ ಬೋಧಗಯೆಗೆ ಬರುತ್ತಾರೆ. ಅಲ್ಲಿ ಒಬ್ಬ ವೃದ್ಧ ಅವರಿಗೆ ಬುದ್ಧನ ಕಥೆ ಹೇಳುತ್ತಾನೆ. ಅಂದರೆ ಕೇಳುವ ಕಿವಿ ಯಾರದೆಂದು ಲೇಖಕರು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಲಂಡನ್ನಿನಲ್ಲಿ ಚಿತ್ರ ತಿಂಗಳುಗಟ್ಟಲೆ ನಡೆಯಿತು. ದೊರೆ ಐದನೆಯ ಜಾರ್ಜ್ ಕೂಡ ನೋಡಿದ. ಭಾರತದಲ್ಲಿ ಆ ಬಗೆಯ ಯಶಸ್ಸು ಕಾಣಲಿಲ್ಲ. ಆಶ್ಚರ್ಯವೇನು? ತನ್ನ ಮನೆಯ ಕಥೆಯನ್ನು ಅತಿಥಿಗೆ ಹೇಳುತ್ತಿರುವುದನ್ನು ಮನೆಯವನು ಹೊಸ್ತಿಲಾಚೆ ನಿಂತು ಕೇಳಬೇಕಾಯಿತು.

ಎರಡನೆಯದಾದ 'ಶಿರಾಜ್' ಪಾಲರದೇ ನಾಟಕವನ್ನು ಆಧರಿಸಿದ್ದು. ತಾಜಮಹಲಿನ ಹಿಂದೆ ಒಬ್ಬ ಶಿಲ್ಪಿಯ ಮೂಕಪ್ರೇಮವಿತ್ತೆಂಬ ಕಲ್ಪನೆ. ಕುಂಬಾರನ ಮನೆಯಲ್ಲಿ ಬೆಳೆದ ಸೆಲಿಮಾ ಅಪಹೃತಳಾಗಿ ರಾಜಕುಮಾರ ಖುರ್ರಮನ ಅರಮನೆ ಸೇರುತ್ತಾಳೆ. ಜೊತೆಯಲ್ಲಿ ಬೆಳೆದ ಶಿರಾಜ್ ಅವಳನ್ನು ಹುಡುಕುತ್ತ ಬರುತ್ತಾನೆ. ಅವಳು ಮುಮ್ತಾಜ್ ಆಗುತ್ತಾಳೆ. ಅವಳ ಸಮಾಧಿಯ ರೂಪ ಅವನ ಕೈಯಿಂದ ಮೂಡುತ್ತದೆ. ಇತಿಹಾಸದ ಮುಮ್ತಾಜ್ ಆಸಫ್ ಖಾನನ ಮಗಳು. ಇದನ್ನೆಲ್ಲ ಚರಿತ್ರೆ ಎಂದು ನಂಬಬೇಕಾಗಿಲ್ಲ. ಕಥೆಯಾಗಿ ಮಾತ್ರ ಇದರ ಕಟ್ಟಡ ಗಟ್ಟಿಯಾಗಿದೆ. ಶಿರಾಜನನ್ನು ಆನೆಯ ಕಾಲಡಿ ಮೆಟ್ಟಿಸುವ ಶಿಕ್ಷೆಯಾಗುತ್ತದೆ. ಎತ್ತಿದ ಕಾಲು, ಕೆಳಗೆ ಮನುಷ್ಯನ ತಲೆ. ಇಲ್ಲಿ ಮಾತೊಂದು ಬಂದಿದ್ದರೆ ದೃಶ್ಯ ಕೆಡುತ್ತಿತ್ತು. ಹೇಳಲಾಗದ ಪ್ರೀತಿಯ ಕಥೆಗೆ ಮೂಕಿ ಚಿತ್ರವೇ ತಕ್ಕ ಮಾಧ್ಯಮ ಎಂದು ಪಾಲರಿಗೆ ಹೊಳೆದದ್ದು ದೊಡ್ಡ ವಿಚಾರ. ಮೂರು ಮೂಕಿಗಳಲ್ಲಿ ಇದನ್ನೇ ನಾನು ಮೇಲಿಡುತ್ತೇನೆ.

ಈ ಚಿತ್ರದ ಸೆಲಿಮಾ ಆದ ಏಣಾಕ್ಷಿ ರಾಮರಾವ್ ನಮಗೂ ಬೇಕಾದವರು. ಮೋಹನ್ ಭವನಾನಿಯವರು ಮೃಚ್ಛಕಟಿಕದ ಕಥೆಯನ್ನು 'ವಸಂತಸೇನಾ' ಎಂಬ ಮೂಕಿ ಚಿತ್ರ ಮಾಡಿದಾಗ ನಾಯಕಿ ಇವರೇ. ಜೊತೆಗೆ ಕಮಲಾದೇವಿ ಚಟ್ಟೋಪಾಧ್ಯಾಯ, ಮತ್ತೆ ನಮ್ಮ ಕೈಲಾಸಂ! ಮಾತಿನಿಂದಲೇ ನಾಟಕ ಗೆದ್ದ ಕೈಲಾಸಂ ಅವರು ಮಾತಿಲ್ಲದ ಚಿತ್ರದಲ್ಲಿ ಹೇಗೆ ತಡೆದುಕೊಂಡರೋ ಎಂದು ನೆನೆದು ನಗು ಬರುತ್ತದೆ.

'ಪ್ರಪಂಚ ಪಾಶ'ಕ್ಕೆ ಬಂದರೆ ಕನ್ನಡಿಗನಿಗೆ ತನ್ನದೇ ಒಂದು ತಕರಾರು ಹುಟ್ಟುತ್ತದೆ. ಮಹಾಭಾರತದ ದ್ಯೂತವೇ ಇದರ ಬೀಜ. ರಂಜಿತ್, ಸೋಹನ್ ಎಂಬ ಇಬ್ಬರು ಅರಸರು. ಇಬ್ಬರಿಗೂ ಆಶ್ರಮವಾಸಿಯ ಮಗಳು ಸುನೀತೆಯ ಮೇಲೆ ಕಣ್ಣು. ಮೋಸದ ದಾಳಗಳಿಂದ ರಂಜಿತ್ ರಾಜ್ಯವನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತಾನೆ; ಮೋಸ ಬಯಲಾದಾಗ ಸೋಹನ್ ಕಡಿದಾದ ಬಂಡೆಯಿಂದ ಧುಮುಕುತ್ತಾನೆ. ಹತ್ತು ಸಾವಿರಕ್ಕೂ ಮಿಕ್ಕ ಜನ, ಸಾವಿರ ಕುದುರೆ, ಆನೆಗಳ ಹಿಂಡು. ಇವನ್ನೊದಗಿಸಿದವರು ಜೈಪುರ, ಉದಯಪುರದ ಅರಸುಮನೆಗಳು. ಜೊತೆಗೆ ನಮ್ಮ ಮೈಸೂರಿನ ಅರಸುಮನೆಯೂ ಉಂಟು. ಕಣ್ಣಿಗೆ ಹಬ್ಬ ಎಂಬುದರಲ್ಲಿ ಎರಡು ಮಾತಿಲ್ಲ. ಒಂದು ಪುಟ್ಟ ದಾಳದ ಮೇಲೆ ಇಡೀ ರಾಜ್ಯದ ಭಾರ ಹೊರಿಸಿರುವುದು ಜಾಣತನ.

ಆದರೆ ಗದುಗಿನ ಭಾರತದ ವಾಚನ ಕೇಳಿ ಬೆಳೆದವನಿಗೆ, ಬಯಲಾಟದಲ್ಲಿ ಬೆಳಗಿನ ಜಾವದವರೆಗೆ ದ್ಯೂತಪ್ರಸಂಗ ನೋಡಿದವನಿಗೆ, ಇಲ್ಲಿ ಏನೋ ಕಾಣೆಯಾಗಿದೆ ಅನಿಸುತ್ತದೆ. ಕಾಣೆಯಾದದ್ದು ದ್ರೌಪದಿಯ ಪ್ರಶ್ನೆ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕೆಲ್ಲಿಯದು ಎಂದು ತುಂಬಿದ ಸಭೆಯಲ್ಲಿ ಅವಳು ಕೇಳುತ್ತಾಳೆ. ಆ ಪ್ರಶ್ನೆಯಿಂದಲೇ ಜೂಜಿನ ಕಥೆ ಧರ್ಮದ ಕಥೆಯಾಗುತ್ತದೆ. ಪಾಲರು ದಾಳ ಉಳಿಸಿಕೊಂಡರು, ಪ್ರಶ್ನೆ ಬಿಟ್ಟರು. ಮೂಕಿ ಚಿತ್ರದಲ್ಲಿ ಪ್ರಶ್ನೆ ಕೇಳಿಸುವುದು ಹೇಗೆ ಎಂದು ಯಾರಾದರೂ ಅವರ ಪರ ವಾದಿಸಬಹುದು. ಒಂದು ಬರಹದ ಫಲಕ ಸಾಕಿತ್ತು. ಕಾರಣ ಬೇರೆಯಿದೆ: ಬರ್ಲಿನ್, ಲಂಡನ್ನುಗಳ ನೋಟಕನಿಗೆ ಬೇಕಾದದ್ದು ಆನೆ, ಹುಲಿಬೇಟೆ, ಪೌರಸ್ತ್ಯ ಪ್ರಣಯ. ಆ ಸಭೆಯ ಸಂಕಟ ಅವನದಲ್ಲ. ಕಥೆ ಯಾರಿಗಾಗಿ ಎಂಬುದು ಬದಲಾದರೆ ಕಥೆಯ ಒಳತಿರುಳೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿಯದು.

ಪಾಲರ ಬಾಳು ಇಲ್ಲಿಗೇ ಮುಗಿದಿದ್ದರೆ, ಭಾರತವನ್ನು ಅಂದವಾಗಿ ಕಟ್ಟಿ ಪರದೇಶಕ್ಕೆ ಕಳಿಸಿದ ಕುಶಲಿ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಮುಗಿಯಲಿಲ್ಲ. 1931ರಲ್ಲಿ 'ಆಲಂ ಆರಾ' ಮಾತಾಡಿತು. ಮೂಕಿಯ ಕಾಲ ತೀರಿತು. 1934ರಲ್ಲಿ ಹಿಮಾಂಶು ರಾಯ್, ದೇವಿಕಾ ರಾಣಿ ಮಲಾಡಿನಲ್ಲಿ ಬಾಂಬೆ ಟಾಕೀಸ್ ಕಟ್ಟಿದಾಗ ಕಥೆಯ ಹೊಣೆ ಪಾಲರ ಹೆಗಲಿಗೆ ಬಂತು. ಈಗ ನೋಡುವವರು ಲಂಡನ್ನಿನವರಲ್ಲ. ಗಿರಗಾಂವದವರು, ಕಾನಪುರದವರು, ಲಾಹೋರಿನವರು. 1936ರಲ್ಲಿ ಬಂದ 'ಅಛೂತ್ ಕನ್ಯಾ' ಅವರ ಕೈಯಿಂದ ಬಂದ ಅತ್ಯುತ್ತಮ ಕಥೆ.

ಇದು ಟಾಕಿ, ಆದರೂ ಇದರ ಬೆನ್ನೆಲುಬು ಮೂಕಿಯದು. ಕಥೆಯೆಲ್ಲ ಒಂದು ರೈಲ್ವೆ ಗೇಟಿನ ಸುತ್ತ. ಗೇಟು ಕಾಯುವ ಅಸ್ಪೃಶ್ಯನ ಮಗಳು ಕಸ್ತೂರಿ, ಬ್ರಾಹ್ಮಣ ಅಂಗಡಿಕಾರನ ಮಗ ಪ್ರತಾಪ. ಮುಚ್ಚುವ ಗೇಟು, ದಾಟಬಾರದ ಹಳಿ, ತಡೆಯಲಾಗದ ರೈಲು. ಜಾತಿಯೆಂದರೇನೆಂದು ಯಾರೂ ಉಪನ್ಯಾಸ ಕೊಡಬೇಕಿಲ್ಲ, ಕಣ್ಣೆದುರಿಗೇ ಇದೆ. ಕೊನೆಗೆ ಹಳಿಯ ಮೇಲೆ ಹೊಡೆದಾಡುತ್ತಿರುವವರನ್ನು ಉಳಿಸಲು ರೈಲಿಗೆದುರಾಗಿ ಓಡುವ ಕಸ್ತೂರಿಯ ಓಟಕ್ಕೆ ಸಂಭಾಷಣೆ ಏತಕ್ಕೆ?

ಇನ್ನೂ ಒಂದು ವಿಷಯವಿದೆ. ಈ ಚಿತ್ರವೂ 'ಪ್ರೇಮ ಸನ್ಯಾಸ'ದ ಹಾಗೆ ಹೊರಗಿನವರಿಂದಲೇ ಆರಂಭವಾಗುತ್ತದೆ. ಮೋಟಾರಿನಲ್ಲಿ ಬಂದ ಜೋಡಿಯೊಂದಕ್ಕೆ ಗೇಟು ಮುಚ್ಚಿದೆ. ಕಾಯುವಾಗ ಅಲ್ಲೊಂದು ಹೆಣ್ಣಿನ ಸ್ಮಾರಕ ಕಾಣುತ್ತದೆ; ಅದರ ಕಥೆ ಕೇಳುತ್ತಾರೆ. ಹನ್ನೊಂದು ವರ್ಷಗಳ ಹಿಂದಿನ ಅದೇ ತಂತ್ರ. ಆದರೆ ಆಗ ಕಥೆ ಕೇಳಿದವರು ದೂರದೇಶದ ಪ್ರವಾಸಿಗಳು. ಈಗ ಕೇಳುವವರು ನಮ್ಮವರೇ ಆದ ಪಟ್ಟಣದವರು, ನಿತ್ಯ ಆ ಗೇಟನ್ನು ದಾಟಿ ಹೋಗುತ್ತ ಒಮ್ಮೆಯೂ ನಿಂತು ನೋಡದವರು. ಪ್ರವಾಸಿಗೆ ಕಥೆ ಒಂದು ವಿನೋದ. ಇವರಿಗೆ ಅದು ಆಪಾದನೆ.

ದೋಷವಿಲ್ಲವೆಂದಲ್ಲ. ಸಮಸ್ಯೆಗೆ ಉತ್ತರ ಕಾಣದಾದಾಗ ಹೆಣ್ಣನ್ನು ಬಲಿಕೊಟ್ಟು ಗುಡಿ ಕಟ್ಟುವುದು ನಮ್ಮ ಹಳೆಯ ಚಾಳಿ. ಪಾಲರೂ ಅದಕ್ಕೆ ಮಣಿದರು. ದೇವಿಕಾ ರಾಣಿಯ ತಿದ್ದಿದ ಹುಬ್ಬು ಗೇಟು ಕಾಯುವವನ ಮನೆಯದೆಂದು ನಂಬುವುದೂ ಕಷ್ಟ. ಆದರೂ ದ್ರೌಪದಿಯ ಪ್ರಶ್ನೆಯನ್ನು ಬಿಟ್ಟ ಲೇಖಕ ಇಲ್ಲಿ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡ ಎಂಬುದನ್ನು ಮರೆಯಬಾರದು.

ಬಾಂಬೆ ಟಾಕೀಸಿನಲ್ಲಿ ಪಾಲರು ಬಹುಕಾಲ ಉಳಿಯಲಿಲ್ಲ. 1939ರಲ್ಲಿ ಯುದ್ಧ ಬಂದಾಗ ಓಸ್ಟೆನ್ ಬಂಧನಕ್ಕೊಳಗಾದರು. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಪಾಲರ ಹೆಸರು ಮೆಲ್ಲನೆ ಮಸುಕಾಯಿತು. ಲಂಡನ್ನಿನಲ್ಲಿ 'ಪ್ರಪಂಚ ಪಾಶ'ವನ್ನು 2007ರಲ್ಲಿಯೂ 'ಶಿರಾಜ್'ಅನ್ನು 2017ರಲ್ಲಿಯೂ ಹೊಸ ಸಂಗೀತದೊಡನೆ ತೋರಿಸಿದಾಗ ಜನ ಮುಗಿಬಿದ್ದು ನೋಡಿದರು. ಪಾಲರ ಆತ್ಮಕಥೆ ಅಲ್ಲಿಯೇ 2011ರಲ್ಲಿ ಪುಸ್ತಕವಾಗಿ ಹೊರಬಂತು.

ಊರು ಬಿಟ್ಟು ಬಂದ ನಮಗೆ ಈ ಲೇಖಕನ ಕಥೆ ಪರಕೀಯವೆನಿಸಬಾರದು. ನಮ್ಮ ವಾರ್ಷಿಕೋತ್ಸವಗಳನ್ನೇ ನೋಡಿ. ಮುಖ್ಯ ಅತಿಥಿಗಳು ಬೇರೆ ಭಾಷೆಯವರಾದರೆ ಸಾಕು, ಅರ್ಧ ಗಂಟೆಗೆ ಕತ್ತರಿಸಿದ ಯಕ್ಷಗಾನ, ಒಂದಿಷ್ಟು ಡೊಳ್ಳು, ಮೈಸೂರು ಪೇಟ, ರೇಷ್ಮೆ ಸೀರೆ. 'ಇದೇ ನಮ್ಮ ಸಂಸ್ಕೃತಿ' ಎಂದು ತಟ್ಟೆಯಲ್ಲಿಟ್ಟು ಕೊಡುತ್ತೇವೆ. ಅವರು ಚಪ್ಪಾಳೆ ತಟ್ಟುತ್ತಾರೆ, ನಾವು ಧನ್ಯರಾಗುತ್ತೇವೆ. ನಮ್ಮದೇ ಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತು, ಆ ಕಥೆ ತಮಗೆ ಹೇಳಿದ್ದಲ್ಲವೆಂದು ತಿಳಿದು, ಎದ್ದು ಹೋಗುತ್ತಾರೆ. ಇದನ್ನು ಏರ್ಪಡಿಸಿದವರಲ್ಲಿ ನಾನೂ ಒಬ್ಬನಾದ್ದರಿಂದ ಇನ್ನೊಬ್ಬರತ್ತ ಬೆರಳು ತೋರಿಸಲಾರೆ.

ಪರಊರಿನಲ್ಲಿದ್ದು ತನ್ನವರ ಕಥೆ ಹೇಳುವವನು ಅದನ್ನು ಮೊದಲು ತನ್ನವರಿಗೆ ಹೇಳಬೇಕು. ಪರರು ಬೇಕಿದ್ದರೆ ಗೇಟಿನ ಬಳಿ ನಿಂತು ಕೇಳಲಿ. ನಿರಂಜನ ಪಾಲರಿಗೆ ಇದು ತಿಳಿಯಲು ಮೂರು ಚಿತ್ರ, ಹನ್ನೊಂದು ವರ್ಷ ಹಿಡಿಯಿತು. ಮುಂದೆ ಎಂದಾದರೂ ಮಲಾಡಿನಲ್ಲಿ ಇಳಿದಾಗ, ದೇವಿಕಾ ರಾಣಿಯ ಹೆಸರಿನ ಜೊತೆಗೆ ಈ ಒಂದು ಹೆಸರನ್ನೂ ಮಕ್ಕಳಿಗೆ ಹೇಳೋಣ.