ಬರೆದಂತೆ ಕಾಣುವ ಛಾಯಾಚಿತ್ರಗಳು

ಫಿಲ್ಮಿನಲ್ಲಿ ತೆಗೆದ ಕಡಲಿನ ಅಥವಾ ಪೇಟೆಯ ಒಳ್ಳೆಯ ಛಾಯಾಚಿತ್ರವೊಂದನ್ನು ಕಂಡಾಗ ನಮ್ಮವರ ಬಾಯಿಂದ ಸಹಜವಾಗಿ ಹೊರಡುವ ಮಾತು 'ಚಿತ್ರ ಬರೆದ ಹಾಗಿದೆ' ಎಂಬುದು. ಅದು ಹೊಗಳಿಕೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದು ಕಲೆಯನ್ನು ಇನ್ನೊಂದು ಕಲೆಯ ಹೆಸರಿನಿಂದ ಹೊಗಳುವುದು ವಿಚಿತ್ರವಲ್ಲವೆ? ಒಳ್ಳೆಯ ಗದ್ಯವನ್ನು 'ಪದ್ಯದಂತಿದೆ' ಎಂದರೆ ಗದ್ಯಕ್ಕೆ ಸಂದ ಮರ್ಯಾದೆ ಎಷ್ಟು? ಡಿಜಿಟಲ್ ಕ್ಯಾಮರಾ ಬಂದ ಮೇಲೆ ಸತ್ತೇಹೋಯಿತೆಂದು ತಿಳಿದಿದ್ದ ಫಿಲ್ಮ್ ರೋಲು ಈಚಿನ ವರ್ಷಗಳಲ್ಲಿ ತರುಣರ ಕೈಗೆ ಮರಳುತ್ತಿದೆ. ಅದರೊಡನೆ ಈ ಮಾತೂ ಮರಳಿದೆ. ಆದುದರಿಂದ ಅದನ್ನು ಸ್ವಲ್ಪ ನಿಂತು ಪರಿಶೀಲಿಸುವುದು ಉಚಿತ.

ಪ್ರಶ್ನೆ ಹೊಸದೇನಲ್ಲ. 1839ರಲ್ಲಿ ಲೋಕಕ್ಕೆ ಪ್ರಕಟವಾದಂದಿನಿಂದಲೂ ಛಾಯಾಗ್ರಹಣಕ್ಕೆ ಚಿತ್ರಕಲೆಯ ಮುಂದೆ ಒಂದು ಕೀಳರಿಮೆ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಆರಂಭಕ್ಕೂ ಯುರೋಪು, ಅಮೆರಿಕಗಳ ಛಾಯಾಗ್ರಾಹಕರು ಗಮ್, ಬ್ರೋಮಾಯಿಲ್ ಮೊದಲಾದ ವಿಧಾನಗಳಿಂದ ಕುಂಚವಾಡಿದಂತೆ ಕಾಣುವ ಪ್ರಿಂಟುಗಳನ್ನು ಮಾಡಿದರು. 1889ರಲ್ಲಿ ಛಾಯಾಗ್ರಹಣದ ಕಲಾತ್ವವನ್ನು ಸಮರ್ಥಿಸಿ ಗ್ರಂಥ ಬರೆದ ಪಿ. ಎಚ್. ಎಮರ್ಸನ್ ಒಂದೆರಡು ವರ್ಷಗಳೊಳಗೆ ತಮ್ಮ ಮಾತನ್ನು ತಾವೇ ಹಿಂತೆಗೆದುಕೊಂಡರು. 1932ರಲ್ಲಿ ಆನ್ಸೆಲ್ ಆಡಮ್ಸ್ ಮತ್ತು ಅವರ ಗೆಳೆಯರು ಕ್ಯಾಲಿಫೋರ್ನಿಯಾದಲ್ಲಿ ಮಬ್ಬಿನ ಮೇಲೆ ಯುದ್ಧವನ್ನೇ ಸಾರಿದರು. ಆ ಜಗಳದ ವಿವರ ನಮಗೆ ಬೇಡ. ನಮ್ಮ ಕರಾವಳಿಯ ಬೆಳಕಿನಲ್ಲಿ ಫಿಲ್ಮು ಹೇಗೆ ವರ್ತಿಸುತ್ತದೆ ಎಂಬುದನ್ನು ನೋಡುವುದು ಹೆಚ್ಚು ಲಾಭಕರ.

ಕಾಪು ಕಡಲತೀರವನ್ನೇ ತೆಗೆದುಕೊಳ್ಳೋಣ. 1901ರಲ್ಲಿ ಬಂಡೆಯ ಮೇಲೆ ಎದ್ದ ದೀಪಸ್ತಂಭ, ಅದರ ಕಪ್ಪುಬಿಳಿ ಪಟ್ಟೆಗಳು, ಹಿಂದೆ ಮುಳುಗುವ ಸೂರ್ಯ: ಈ ಜಿಲ್ಲೆಯಲ್ಲಿ ಇದಕ್ಕಿಂತ ಹೆಚ್ಚು ಸಲ ಕ್ಯಾಮರಾಕ್ಕೆ ಸಿಕ್ಕಿದ ನೋಟ ಬಹುಶಃ ಇನ್ನೊಂದಿಲ್ಲ. ಡಿಜಿಟಲ್ ಸಂವೇದಕದ ಪ್ರತಿಯೊಂದು ಬಿಂದುವೂ ಒಂದು ಚೆಂಬಿನಂತೆ. ತುಂಬುವವರೆಗೆ ಬೆಳಕನ್ನು ನಿಷ್ಠೆಯಿಂದ ಅಳೆಯುತ್ತದೆ. ತುಂಬಿದ ಮೇಲೆ ಬಿದ್ದದ್ದೆಲ್ಲ ಚೆಲ್ಲಿಹೋಗುತ್ತದೆ. ಹೀಗಾಗಿ ಎಚ್ಚರ ತಪ್ಪಿದರೆ ಸೂರ್ಯನಿದ್ದಲ್ಲಿ ಕತ್ತರಿಯಿಂದ ಕೊರೆದಂಥ ಬಿಳಿಯ ತೂತೊಂದು ಉಳಿಯುತ್ತದೆ. ನೆಗೆಟಿವ್ ಫಿಲ್ಮಿನ ನಡತೆ ಬೇರೆ. ಅದರ ಜೆಲಟಿನ್ ಪದರದಲ್ಲಿರುವ ಬೆಳ್ಳಿ ಹಾಲೈಡಿನ ಹರಳುಗಳು ಒಂದೇ ಗಾತ್ರದವಲ್ಲ. ದೊಡ್ಡವು ಬೇಗನೆ ಬೆಳಕಿಗೆ ಒಲಿಯುತ್ತವೆ, ಸಣ್ಣವು ತಡವಾಗಿ. ಬೆಳಕು ಹೆಚ್ಚಿದಂತೆ ಒಲಿಯಲು ಉಳಿದ ಹರಳುಗಳು ಕಡಿಮೆಯಾಗುತ್ತ ಬರುವುದರಿಂದ ಫಿಲ್ಮಿನ ಸ್ಪಂದನವೂ ಕ್ರಮೇಣ ಮಂದವಾಗುತ್ತದೆ. ಸೂರ್ಯನಿಂದ ಆಕಾಶಕ್ಕೆ, ಆಕಾಶದಿಂದ ನೀರಿಗೆ ಬೆಳಕು ಮೆಟ್ಟಿಲಿಲ್ಲದೆ ಇಳಿಯುತ್ತದೆ. ವರ್ಣ ಫಿಲ್ಮಿನಲ್ಲಿ ಸಂಸ್ಕರಣದ ಕೊನೆಗೆ ಬೆಳ್ಳಿಯೂ ತೊಳೆದುಹೋಗಿ, ಅದಿದ್ದಲ್ಲಿ ಬಣ್ಣದ ಅತಿಸಣ್ಣ ಮೋಡಗಳು ಮಾತ್ರ ಉಳಿಯುತ್ತವೆ. ಅಂಚುಗಳು ಮೆತ್ತಗಾಗುವುದು ಇದರಿಂದ. 'ಬರೆದ ಹಾಗಿದೆ' ಎಂಬ ಮಾತಿನ ಅರ್ಧ ಭಾಗ ಈ ರಸಾಯನಕ್ಕೆ ಸಲ್ಲಬೇಕು, ಛಾಯಾಗ್ರಾಹಕನಿಗಲ್ಲ.

ದೀಪಗಳ ವಿಷಯದಲ್ಲೂ ಹೀಗೆಯೇ. ಪ್ರಖರ ಬೆಳಕು ಫಿಲ್ಮಿನ ಪದರವನ್ನು ದಾಟಿ, ಹಿಂಬದಿಗೆ ತಾಗಿ ಮರಳಿ ಬರುವಾಗ ದೀಪದ ಸುತ್ತ ಒಂದು ಪ್ರಭೆ ಮೂಡುತ್ತದೆ. ಇದನ್ನು ತಡೆಯುವುದಕ್ಕಾಗಿಯೇ ತಯಾರಕರು ಬೇರೆ ಪದರವೊಂದನ್ನು ಸೇರಿಸುತ್ತಾರೆ. ಸಿನಿಮಾ ಫಿಲ್ಮಿನಿಂದ ಅಂಥ ಪದರವನ್ನು ತೆಗೆದು ಮಾರುವ ರೋಲುಗಳಲ್ಲಿ ಪ್ರತಿಯೊಂದು ದೀಪಕ್ಕೂ ಕೆಂಪು ಬಳೆ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಹಬ್ಬದಂದು ಉರಿಯುವ ಮೇಣದ ಬತ್ತಿಗಳ ಸಾಲನ್ನು ಇಂಥ ಫಿಲ್ಮಿನಲ್ಲಿ ತೆಗೆದರೆ, ಸಂತರ ತಲೆಯ ಸುತ್ತ ಚಿತ್ರಕಾರರು ಬರೆಯುವ ಪ್ರಭಾವಳಿ ಮೇಣಕ್ಕೂ ದಕ್ಕುತ್ತದೆ. ತಯಾರಕರು ದೋಷವೆಂದು ಎಣಿಸಿದ್ದನ್ನು ನಾವು ಪಾವಿತ್ರ್ಯವೆಂದು ಓದಿಕೊಳ್ಳುವ ಅಪಾಯ ಇಲ್ಲಿದೆ.

ಕಪ್ಪುಬಿಳುಪಿನ ಪರೀಕ್ಷೆ ಇನ್ನೂ ಕಠಿಣ. ನಮ್ಮ ನೆಲದ ಬಣ್ಣಗಳು ಎರಡೇ: ಮುರಕಲ್ಲಿನ ಕೆಂಪು, ಮಳೆಗಾಲದ ಹಸಿರು. ಕಣ್ಣಿಗೆ ಇವು ಪರಸ್ಪರ ವಿರುದ್ಧ. ಕಪ್ಪುಬಿಳುಪು ಫಿಲ್ಮಿನಲ್ಲಿಯಾದರೋ ಎರಡೂ ಹೆಚ್ಚು ಕಡಿಮೆ ಒಂದೇ ಬೂದು. ಕೆಂಪು ಫಿಲ್ಟರ್ ಹಾಕಿದರೆ ಮಣ್ಣು ಬೆಳಗಿ ಗದ್ದೆ ಕಪ್ಪಾಗುತ್ತದೆ; ಹಸಿರು ಫಿಲ್ಟರಿನಲ್ಲಿ ಇದಕ್ಕೆ ತಿರುಗುಮುರುಗು. ಉಡುಪಿಗೆ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಮಣ್ಣಿನ ಪಕ್ಕದಲ್ಲಿ ತಮಗೆ ಬೇಕಾದ ಬಣ್ಣವನ್ನಿಡಲು ಸ್ವತಂತ್ರರಾಗಿದ್ದರು. ಛಾಯಾಗ್ರಾಹಕನಿಗೆ ಗದ್ದೆ ಮತ್ತು ಮಣ್ಣುಗಳಲ್ಲಿ ಯಾವುದು ಮುಖ್ಯವೆಂದು ಮೊದಲೇ ತೀರ್ಮಾನಿಸಿಕೊಂಡೇ ಗುಂಡಿ ಒತ್ತಬೇಕಾಗುತ್ತದೆ. ಕಪ್ಪುಬಿಳುಪಿಗೆ ಈ ಪ್ರದೇಶದಲ್ಲಿ ತೀರ ಸಹಜವಾಗಿ ಒಗ್ಗುವ ಊರೆಂದರೆ ಕಾರ್ಕಳ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ 42 ಅಡಿಯ ಗೊಮ್ಮಟ, ಎದುರಿನ ಚಿಕ್ಕ ಬಂಡೆಯ ಮೇಲೆ 1586ರ ಚತುರ್ಮುಖ ಬಸದಿ, ಎರಡರ ಕೆಳಗೂ ಹಾಸಿದ ಬರಿಯ ಶಿಲೆ. ಎಲ್ಲವೂ ಮೊದಲೇ ಬೂದುಬಣ್ಣದವು. ಮಳೆ ನಿಂತ ಮರುಗಳಿಗೆಯಲ್ಲಿ, ಒದ್ದೆ ಬಂಡೆ ಆಕಾಶವನ್ನು ಹಿಂದಿರುಗಿಸುವಾಗ ಬಸದಿಯ ಮೆಟ್ಟಿಲಿನಿಂದ ಗೊಮ್ಮಟನನ್ನು ನೋಡಿದವರಿಗೆ ಬಣ್ಣದ ಕೊರತೆ ಎನಿಸುವುದಿಲ್ಲ.

ಫಿಲ್ಮಿನ ಅಭಿಮಾನಿಗಳು ಮುಂದಿಡುವ ಇನ್ನೊಂದು ವಾದ ಮಿತವ್ಯಯದ್ದು. ರೋಲಿಗೆ 36 ಚಿತ್ರ, ದೊಡ್ಡ ಚೌಕದ ಕ್ಯಾಮರಾವಾದರೆ 12. ಆದ್ದರಿಂದ ಕಾಯುವ ತಾಳ್ಮೆ ಬರುತ್ತದೆ ಎಂಬುದು. ಒಪ್ಪಬಹುದಾದರೂ ಇದು ಅರ್ಧಸತ್ಯ. ಕಾದು ಕಾದು ತೆಗೆದ ಸಪ್ಪೆ ಚಿತ್ರಗಳಿಗೂ ಕೊರತೆಯೇನಿಲ್ಲ.

ನನಗೆ ಚಿತ್ರಕಲೆಯೊಡನೆ ಫಿಲ್ಮಿನ ನಿಜವಾದ ನಂಟು ಕಾಣುವುದು ಬೇರೆಡೆಯಲ್ಲಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆಗಳಲ್ಲಿ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿಯವರು ಬರೆದ ಭಿತ್ತಿಚಿತ್ರಗಳನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರುತ್ತಾರೆ. 1899ರಿಂದ 1901ರವರೆಗೆ, ಅಂದರೆ ಕಾಪುವಿನ ದೀಪಸ್ತಂಭ ಮೇಲೇಳುತ್ತಿದ್ದ ಹೊತ್ತಿಗೇ, ಆ ಕೆಲಸ ನಡೆಯಿತು. ಫ್ರೆಸ್ಕೊ ವಿಧಾನದಲ್ಲಿ ಸುಣ್ಣದ ಗಾರೆ ಒದ್ದೆಯಿರುವಷ್ಟರಲ್ಲೇ ಬಣ್ಣ ಹಚ್ಚಿ ಮುಗಿಸಬೇಕು. ಗಾರೆ ಒಣಗಿದರೆ ಬಣ್ಣ ಗೋಡೆಯ ಮೇಲಿರದೆ ಗೋಡೆಯೇ ಆಗಿಬಿಡುತ್ತದೆ. ತಿದ್ದಬೇಕಾದರೆ ಗಾರೆಯನ್ನೇ ಕೆತ್ತಬೇಕು. ಫಿಲ್ಮಿನಲ್ಲಿಯೂ ಬೆಳಕು ವಸ್ತುವನ್ನೇ ಬದಲಿಸುತ್ತದೆ. ದೀಪಸ್ತಂಭಕ್ಕೆ ತಾಗಿ ಬಂದ ಬೆಳಕು ಕ್ಯಾಮರಾದೊಳಗಿನ ಬೆಳ್ಳಿಗೂ ತಾಗಿ ಮರಳಿ ಅಳಿಸಲಾಗದ ಗುರುತನ್ನಿಟ್ಟಿರುತ್ತದೆ. ಮೊಬೈಲಿನ ಚಿತ್ರಕ್ಕೆ ಒಂದು ಸ್ಪರ್ಶದಿಂದ ಕೃತಕ ಕಾಳುಗಳನ್ನು ಎರಚುವ ತಂತ್ರಾಂಶಗಳು ತೋರಿಕೆಯನ್ನಷ್ಟೇ ಅನುಕರಿಸುತ್ತವೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಎತ್ತಲೇಬೇಕು. ಚಿತ್ರಕಾರ ಇಲ್ಲದ್ದನ್ನು ಸೇರಿಸಬಲ್ಲ. ಫಿಲ್ಮಿನ ಮುಂದೆ ನಿಂತವನು ಮುಖ್ಯವಾಗಿ ಬಿಟ್ಟುಬಿಡಬಲ್ಲ. ಬರೆದಂತಿರಬೇಕೆಂಬ ಆಸೆ ಹೆಚ್ಚಿದಷ್ಟೂ ಬಿಡುವುದೂ ಹೆಚ್ಚುತ್ತದೆ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಸ್ವರ್ಣಾ ನದಿಯತ್ತ ಕ್ಯಾಮರಾ ತಿರುಗಿಸಿ ನಿಂತವರ ಬೆನ್ನ ಹಿಂದೆ ಒಂದು ನಗರವೇ ಇದೆ. ಬೋಳು ಪದವಿನ ಮೇಲೆ 1953ರ ಮೆಡಿಕಲ್ ಕಾಲೇಜಿನಿಂದ ಮೊದಲ್ಗೊಂಡು ಎದ್ದ ಆ ನಗರ ನದಿಗಿಂತ ಕಡಿಮೆ ಆಶ್ಚರ್ಯದ್ದಲ್ಲ. ಆದರೆ ಬಹುಮಹಡಿ ಕಟ್ಟಡ, ನೀರಿನ ಟ್ಯಾಂಕು, ತಂತಿ, ಒಣಹಾಕಿದ ಬಟ್ಟೆ ಇವು 'ಬರೆದಂತೆ' ಕಾಣುವುದಿಲ್ಲವಷ್ಟೆ! ಆದುದರಿಂದ ಅವು ಬೆನ್ನ ಹಿಂದೆಯೇ ಉಳಿಯುತ್ತವೆ.

ಉಡುಪಿಯ ರಥಬೀದಿಯ ಚಿತ್ರಗಳಲ್ಲಿ ಇದು ಇನ್ನೂ ಸ್ಪಷ್ಟ. ಸಂಜೆಯ ಮಂದ ಬೆಳಕಿನಲ್ಲಿ ನಿಧಾನದ ಫಿಲ್ಮಿಗೆ ಹಲವು ಸೆಕೆಂಡುಗಳ ಬೆಳಕು ಬೇಕು. ಹೊತ್ತು ಹೆಚ್ಚಿದಂತೆ ಫಿಲ್ಮು ಸೋಮಾರಿಯಾಗುವುದರಿಂದ ಮೀಟರು ಹೇಳಿದ್ದಕ್ಕಿಂತಲೂ ಹೆಚ್ಚು ಕಾಲ ಷಟರನ್ನು ತೆರೆದಿಡಬೇಕಾಗುತ್ತದೆ. ಅಷ್ಟರಲ್ಲಿ ನಡೆದಾಡುವವರೆಲ್ಲ ಹೊಗೆಯಾಗಿ, ಮಠಗಳ ಸಾಲು, ಅನಂತೇಶ್ವರದ ಗೋಡೆ, ದೀಪಗಳು ಮಾತ್ರ ನಿಲ್ಲುತ್ತವೆ. ನೋಡಲು ಸುಂದರವೇ ಹೌದು. 1838ರಲ್ಲಿ ದಾಗೇರ್ ತೆಗೆದ ಪ್ಯಾರಿಸಿನ ಬೀದಿಯ ಚಿತ್ರದಲ್ಲಿಯೂ ಹೀಗೆಯೇ ಆಯಿತು: ಗಾಡಿಗಳೂ ಜನರೂ ಅಳಿಸಿಹೋಗಿ, ಕಾಲು ಚಾಚಿ ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತಿದ್ದ ಒಬ್ಬಾತ ಮಾತ್ರ ಸ್ಪಷ್ಟವಾಗಿ ಉಳಿದ. ಪಾಲಿಷ್ ಹಾಕುತ್ತಿದ್ದವನು ಅರೆಬರೆ. ಅವನ ಕೈ ಅಲುಗುತ್ತಿತ್ತು, ಅದು ಅವನ ದುಡಿಮೆ. ದುಡಿಯುವವನು ಮಸುಕಾಗುವುದು, ನಿಂತವನು ಉಳಿಯುವುದು ಈ ಕಲೆಯ ಹುಟ್ಟಿನಲ್ಲೇ ಇದೆ. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರೂ ಫಿಲ್ಮಿನಲ್ಲೇ ದುಡಿದವರು, ಬೆಳಕನ್ನು ಬಲ್ಲವರು; ಆದರೆ ಅವರ ಕಪ್ಪುಬಿಳುಪು ಚಿತ್ರಗಳಲ್ಲಿ ಸಾಮಾನ್ಯ ಜನ ನೋಟದ ನಡುವೆ ನಿಂತಿದ್ದಾರೆ. ಅವನ್ನು ಕಂಡು ಯಾರೂ 'ಬರೆದ ಹಾಗಿದೆ' ಎನ್ನುವುದಿಲ್ಲ. ನನ್ನ ಮಟ್ಟಿಗೆ ಅದು ಅವುಗಳ ಹಿರಿಮೆ.

ರಥಬೀದಿಯ ಮುಂಜಾವಿನಲ್ಲಿ ಹೂ ಕಟ್ಟುವ ಹೆಂಗಸು ಕುಳಿತಲ್ಲೇ ಕುಳಿತಿರುತ್ತಾಳೆ. ಎಂಟು ಸೆಕೆಂಡಿನ ಷಟರಿಗೂ ಅವಳ ಮೈ ಸಿಗುತ್ತದೆ, ಬೆರಳುಗಳು ಸಿಗುವುದಿಲ್ಲ. ಕೋಟೆಯಂಥ ಮೌನಕ್ಕಿಂತ ಆ ಮಸುಕಾದ ಬೆರಳುಗಳೇ ಬೀದಿಯ ಬಗ್ಗೆ ಹೆಚ್ಚು ಹೇಳುತ್ತವೆ. ಅವಳನ್ನು ಚೌಕಟ್ಟಿನೊಳಗೆ ಉಳಿಸಿಕೊಳ್ಳುವುದಕ್ಕೆ ಛಾಯಾಗ್ರಾಹಕ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು.

ಕೊನೆಗೊಂದು ವ್ಯಾವಹಾರಿಕ ಮಾತು. 1960ರಲ್ಲಿ ಸ್ಥಾಪನೆಯಾಗಿ 'ಇಂದು' ಹೆಸರಿನ ಫಿಲ್ಮನ್ನು ದೇಶಕ್ಕೆ ಕೊಟ್ಟ ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಗಿದೆ. ಹೊರದೇಶದ ರೋಲುಗಳು ದುಬಾರಿ. ಆದರೆ ಹಿಂದೆ 17 ಎನಿಸಿಕೊಂಡಿದ್ದ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವ ಮೊದಲಿನ ಕಾಪುವಿನ ಪೇಟೆ, ಕಟ್ಟಡಗಳು ದಟ್ಟವಾಗುವ ಮೊದಲಿನ ಮಣಿಪಾಲದ ಪದವು, ಇವುಗಳ ನೆಗೆಟಿವ್‌ಗಳು ಹಳೆಯ ಸ್ಟುಡಿಯೋಗಳ ಕಪಾಟುಗಳಲ್ಲಿಯೂ ಮನೆಯ ಅಟ್ಟಗಳಲ್ಲಿಯೂ ಇನ್ನೂ ಇರಬಹುದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಜೆಲಟಿನ್ನಿಗೆ ಬೂಸ್ಟು ಹಿಡಿಯಲು ಒಂದೆರಡು ಮಳೆಗಾಲ ಸಾಕು. ಅಂಥ ಡಬ್ಬಿಗಳಿದ್ದವರು ಅವನ್ನು ಗುಜರಿಗೆ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಲಿ. ಒಳ್ಳೆಯ ಬಿಸಿಲಿನ ತಿಂಗಳಲ್ಲಿ ಡಬ್ಬಿ ತೆರೆದು, ನೆಗೆಟಿವ್‌ಗಳನ್ನು ಒಂದಕ್ಕೊಂದು ಅಂಟದಂತೆ ಬೇರೆ ಬೇರೆ ಕಾಗದದಲ್ಲಿ ಮಡಚಿಟ್ಟು, ಜೊತೆಗೆ ಸಿಲಿಕಾ ಜೆಲ್ಲಿನ ಪೊಟ್ಟಣವೊಂದನ್ನು ಇಡಲಿ. ಕಾಗದದ ಮೇಲೆ ಊರಿನ ಹೆಸರನ್ನೂ ವರ್ಷವನ್ನೂ ಪೆನ್ಸಿಲಿನಲ್ಲಿ ಬರೆಯಲಿ, ಶಾಯಿ ಇಳಿಯುತ್ತದೆ.