ವರದಿ ಬರುವ ತನಕ

ಮೊದಲೇ ಹೇಳಿಬಿಡುತ್ತೇನೆ: ಈ ಸಲದ ನನ್ನ ರಿಪೋರ್ಟ್ ಚೆನ್ನಾಗಿಯೇ ಬಂದಿದೆ. ಇದನ್ನು ಕೊನೆಗೆ ಇಟ್ಟುಕೊಂಡಿದ್ದರೆ ನೀವು ಅದೊಂದಕ್ಕಾಗಿ ಓದುತ್ತ ಹೋಗುತ್ತಿದ್ದಿರಿ, ಗೊತ್ತಾದ ಮೇಲೆ ಉಳಿದದ್ದನ್ನು ಮರೆಯುತ್ತಿದ್ದಿರಿ. ಕ್ಯಾನ್ಸರ್ ಕುರಿತ ನಮ್ಮ ಬಹುಪಾಲು ಬರವಣಿಗೆಯ ಜೊತೆ ನನಗಿರುವ ತಕರಾರೂ ಇದೇ. ಅದು ಫಲಿತಾಂಶದ ಮೇಲೆ ನಿಂತಿದೆ. ಫಲಿತಾಂಶಕ್ಕೆ ಮುಂಚಿನ ದಿನಗಳಿಗೆ ಅದರಲ್ಲಿ ಜಾಗ ಕಡಿಮೆ.

ನಾನು ದಾವಣಗೆರೆಯಲ್ಲಿದ್ದು ಹರಿಹರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವನು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಮುಗಿದು ಎರಡು ವರ್ಷವಾಯಿತು. ಆಗ ಮಗಳಿಗೆ ಮೂರು ವರ್ಷ, ಈಗ ಐದು. ಈ ಕಾಯಿಲೆಯಲ್ಲಿ ಚಿಕಿತ್ಸೆ ಮುಗಿದ ಮೇಲೂ ಸಾಮಾನ್ಯವಾಗಿ 5 ವರ್ಷ, 3ರಿಂದ 6 ತಿಂಗಳಿಗೊಮ್ಮೆ ಸಿಇಎ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ನಡುನಡುವೆ ಸಿ.ಟಿ. ಸ್ಕ್ಯಾನ್, ಕೊಲೊನೊಸ್ಕೋಪಿ. ಸಿಇಎ ಒಂದು ಸಂಖ್ಯೆಯಷ್ಟೆ, ಅದು ಸಲದಿಂದ ಸಲಕ್ಕೆ ಏರುತ್ತಿದೆಯೇ ಎಂದು ನೋಡುತ್ತಾರೆ. ಏರಿದ್ದೆಲ್ಲ ಕ್ಯಾನ್ಸರ್ ಅಲ್ಲ. ಬೀಡಿ ಸಿಗರೇಟು ಸೇದುವವರಲ್ಲೂ ಅದು ಹೆಚ್ಚಿರಬಹುದು. ಏರದಿದ್ದರೆ ಕ್ಯಾನ್ಸರ್ ಇಲ್ಲವೆಂಬ ಖಾತ್ರಿಯೂ ಇಲ್ಲ. ಬೆಳಿಗ್ಗೆ ರಕ್ತ ಕೊಟ್ಟರೆ ಮರುದಿನ ಸಂಜೆ ಫೋನಿಗೆ ವರದಿ ಬರುತ್ತದೆ. ಆ ಒಂದೂವರೆ ದಿನದ ಬಗ್ಗೆ ಸಾಹಿತ್ಯ ನನಗೆ ಏನು ಕೊಟ್ಟಿದೆ ಎಂಬುದು ಇಲ್ಲಿನ ಪ್ರಶ್ನೆ.

"ಈಗ ಪೂರ್ತಿ ಆರಾಮಲ್ರೀ ಸರ್?" ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. "ಹೂಂ, ಆರಾಮ" ಎನ್ನುತ್ತೇನೆ. ಕೇಳುವವರದು ಪ್ರೀತಿಯೇ. ಆದರೆ ನಮ್ಮ ಮಾತಿನಲ್ಲಿರುವುದು ಎರಡೇ ಖಾನೆ: ಆರಾಮ ಇದ್ದಾರೆ, ಆರಾಮ ಇಲ್ಲ. ನಮ್ಮ ಕಥೆಗಳಲ್ಲಿಯೂ ಎರಡೇ. 1981ರಲ್ಲಿ ಶಂಕರ್ ನಾಗ್ ನಿರ್ದೇಶಿಸಿದ 'ಗೀತಾ' ಸಿನಿಮಾದ ನಾಯಕಿಗೆ ರಕ್ತದ ಕ್ಯಾನ್ಸರ್. ಅಲ್ಲಿ ಕಾಯಿಲೆ ಬರುವುದೇ ಪ್ರೇಮವನ್ನು ಸಾವಿಗೆ ಒಯ್ದು ಮುಟ್ಟಿಸಲಿಕ್ಕೆ. ಇನ್ನೊಂದು ತುದಿಯಲ್ಲಿ ಪತ್ರಿಕೆಗಳ ಪುರವಣಿಗಳಲ್ಲಿ ಬರುವ 'ಕ್ಯಾನ್ಸರ್ ಗೆದ್ದವರ' ಕಥೆಗಳಿವೆ. ಪತ್ತೆಯಾಯಿತು, ಕೂದಲು ಉದುರಿತು, ಧೈರ್ಯ ತಂದುಕೊಂಡರು, ಗೆದ್ದರು. ನನ್ನ ಈಗಿನ ಬದುಕು ಶುರುವಾಗುವ ಕಡೆಗೆ ಆ ಕಥೆ ಮುಗಿದಿರುತ್ತದೆ.

ಕಾಯಿಲೆಯ ಮೇಲೆ ಹೊರಿಸುವ ಯುದ್ಧದ ಭಾಷೆಯನ್ನು ಸೂಸನ್ ಸೊಂಟಾಗ್ 1978ರ 'ಇಲ್‌ನೆಸ್ ಆ್ಯಸ್ ಮೆಟಫರ್'ನಲ್ಲಿ ಪ್ರಶ್ನಿಸಿದರು. ಆಕೆ ಸ್ವತಃ ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದಿದ್ದರೂ ಆ ಪುಸ್ತಕದಲ್ಲಿ ತನ್ನ ಕಾಯಿಲೆಯ ಮಾತೆತ್ತುವುದಿಲ್ಲ. ಗೆಲುವು ಎಂಬ ಪದ ಸತ್ತವರನ್ನು ಸೋತವರನ್ನಾಗಿ ಮಾಡುತ್ತದೆ ಎಂಬುದು ಈಗ ನಮಗೆಲ್ಲ ಗೊತ್ತಿರುವ ಆಕ್ಷೇಪ. ನಾನು ಇನ್ನೊಂದನ್ನು ಸೇರಿಸುತ್ತೇನೆ. ಗೆದ್ದವನೆಂದು ಹಾರ ಹಾಕಿಸಿಕೊಂಡವನು ಮತ್ತೆ ಲ್ಯಾಬಿನ ಮುಂದೆ ಖಾಲಿ ಹೊಟ್ಟೆಯಲ್ಲಿ ಕೂತಿದ್ದರೆ ಅವನನ್ನು ಏನೆಂದು ಕರೆಯಬೇಕು ಎಂಬುದು ಆ ಭಾಷೆಗೆ ತಿಳಿಯುವುದಿಲ್ಲ.

ಕನ್ನಡದಲ್ಲಿ ಈ ಮಾದರಿಯನ್ನು ಅಲ್ಲಾಡಿಸಿದ ಪುಸ್ತಕ ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು'. ಸ್ತನ ಕ್ಯಾನ್ಸರಿನ ತಮ್ಮದೇ ಅನುಭವವನ್ನು ಅವರು ನಗುವನ್ನು ಬಿಟ್ಟುಕೊಡದೆ ಬರೆದರು. ಕಾಯಿಲೆಯ ಹೆಸರನ್ನೇ ಬಾಯಿ ಬಿಟ್ಟು ಹೇಳದ ಮನೆಗಳಲ್ಲಿ ಅದು ದೊಡ್ಡ ಕೆಲಸ. ಇಲ್ಲಿ ನಾನು ಮಾತಾಡಬೇಕೆಂದಿರುವುದು ಅದರ ಹೆಸರಿನ ಬಗ್ಗೆ. ಕಿಸಾಗೋತಮಿಯ ಕಥೆ ಎಲ್ಲರಿಗೂ ಗೊತ್ತು. ಸತ್ತ ಮಗುವನ್ನೆತ್ತಿಕೊಂಡು ಮದ್ದು ಕೇಳುವ ಎಳೆಯ ತಾಯಿಗೆ ಬುದ್ಧ ಸಾವಿಲ್ಲದ ಮನೆಯ ಸಾಸಿವೆ ತರಲು ಹೇಳುತ್ತಾನೆ. ಈ ಕಥೆ ಬರುವುದು ಬೌದ್ಧ ವ್ಯಾಖ್ಯಾನಗಳಲ್ಲಿ. 'ಥೇರೀಗಾಥೆ'ಯಲ್ಲಿ ಅವಳ ಹೆಸರಿನಲ್ಲಿರುವ ಗಾಥೆಗಳಲ್ಲಿ ಸಾಸಿವೆಯ ಮಾತಿಲ್ಲ. ಕಥೆಯಲ್ಲಿ ಎಲ್ಲ ಮನೆಯಲ್ಲೂ ಸಾಸಿವೆ ಇರುತ್ತದೆ, ಜೊತೆಗಿರುವ ಷರತ್ತು ಮಾತ್ರ ಈಡೇರುವಂಥದ್ದಲ್ಲ. ಬರಿಗೈಯಲ್ಲಿ ಬರುವ ಆ ತಾಯಿಯನ್ನು ಪಕ್ಕಕ್ಕಿಟ್ಟು, ಇಗೋ ತಂದೆ ಎನ್ನುವ ಹೆಣ್ಣನ್ನು ಭಾರತಿ ಮುಂದೆ ನಿಲ್ಲಿಸಿದರು.

ಓದುಗನಾಗಿ ಈ ಹೆಸರು ನನಗೆ ಇಷ್ಟ. ಕಾಯುವವನಾಗಿ ಅದರ ವ್ಯಾಕರಣದ ಹತ್ತಿರ ನಿಲ್ಲುತ್ತೇನೆ. 'ತಂದವಳು' ಎಂದರೆ ಭೂತಕಾಲ, ತಂದು ಮುಗಿಯಿತು. ನಾನು ತರುವ ಸಾಸಿವೆ ಮೂರೋ ಆರೋ ತಿಂಗಳಿಗೆ ಖರ್ಚಾಗುತ್ತದೆ. ಮತ್ತೆ ಅದೇ ಷರತ್ತು, ಅದೇ ಬಾಗಿಲು. ಇದು ಆ ಪುಸ್ತಕದ ದೋಷವಲ್ಲ. ಮೊದಲು ಯಾರಾದರೊಬ್ಬರು ತಂದು ತೋರಿಸಲೇಬೇಕಿತ್ತು. ತರುತ್ತಲೇ ಇರುವವರ ಕಥೆ ಅದರ ಮುಂದಿನ ಪುಸ್ತಕವಾಗಬೇಕು.

ಇಂಗ್ಲಿಷಿನಲ್ಲಿ ಈ ಅವಸ್ಥೆಗೆ ಹೆಸರೇ ಇದೆ: 'ಸ್ಕ್ಯಾಂಕ್ಸೈಟಿ'. ಸ್ಕ್ಯಾನ್ ಮತ್ತು ಆತಂಕ ಎರಡನ್ನೂ ಹೊಲಿದ ಪದ. 2011ರಲ್ಲಿ ಬ್ರೂಸ್ ಫೈಲರ್ 'ಟೈಮ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. 2008ರಲ್ಲಿ ಅವರ ತೊಡೆಯ ಮೂಳೆಯಲ್ಲಿ ಕ್ಯಾನ್ಸರ್ ಕಂಡಾಗ ಅವಳಿ ಹೆಣ್ಣುಮಕ್ಕಳಿಗೆ ಮೂರು ವರ್ಷ. ತಾನಿಲ್ಲವಾದರೆ ಮಕ್ಕಳಿಗೆ ತಂದೆಯ ದನಿಯಾಗಿರಿ ಎಂದು ಆರು ಗೆಳೆಯರನ್ನು ಕೇಳಿಕೊಂಡದ್ದೇ ಅವರ 'ದಿ ಕೌನ್ಸಿಲ್ ಆಫ್ ಡ್ಯಾಡ್ಸ್'. ನರಶಸ್ತ್ರಚಿಕಿತ್ಸಕ ಪಾಲ್ ಕಲಾನಿಧಿಗೆ ಮಗಳು ಹುಟ್ಟಿದ್ದು ಶ್ವಾಸಕೋಶದ ಕ್ಯಾನ್ಸರ್ ಗೊತ್ತಾದ ಮೇಲೆ, 2014ರಲ್ಲಿ. 2015ರಲ್ಲಿ ಅವರು ತೀರಿಕೊಂಡರು, ಮರುವರ್ಷ 'ವೆನ್ ಬ್ರೆತ್ ಬಿಕಮ್ಸ್ ಏರ್' ಬಂತು. ಎರಡೂ ಪುಸ್ತಕಗಳನ್ನು ಕೆಳಗಿಡಲಾಗದೆ ಓದಿದೆ. ಆದರೆ ಎರಡರಲ್ಲೂ ತಂದೆ ಹೆಚ್ಚಾಗಿ ಮಾತಾಡುವುದು ತಾನಿಲ್ಲದ ನಾಳೆಯ ಜೊತೆ. ವರದಿ ಬರದ ಮಂಗಳವಾರ ಮಗುವಿಗೆ ತಲೆ ಬಾಚಿ ಶಾಲೆಗೆ ಕಳಿಸಬೇಕಲ್ಲ, ಆ ಹೊತ್ತು ಇಲ್ಲೂ ತೆಳುವಾಗಿದೆ.

ಹಾಗಾದರೆ ನಮ್ಮ ಭಾಷೆಯಲ್ಲಿ ಏನಿದೆ? 'ಕಾಯು' ಎಂಬ ಕ್ರಿಯಾಪದವಿದೆ. ನಮ್ಮ ಕಾವ್ಯದಲ್ಲಿ ಕಾಯುವವಳೆಂದರೆ ಶಬರಿ, ಇಲ್ಲವೇ ವಿರಹಿಣಿ. ಇಬ್ಬರಿಗೂ ಬರಲಿರುವುದು ಬೇಕಾದವರು. ಬರುವುದು ಬೇಕೋ ಬೇಡವೋ ತಿಳಿಯದೆ ಕಾಯುವ ಸ್ಥಿತಿಗೆ ಆ ಮಾದರಿ ಒದಗುವುದಿಲ್ಲ. ಆದರೆ ಹೊಲ ಕಾಯುವುದು, ಕುರಿ ಕಾಯುವುದು ಎಂದೂ ನಾವು ಹೇಳುತ್ತೇವೆ. ನೀರು ಕಾಯಿತೇ ಎಂದೂ ಕೇಳುತ್ತೇವೆ. ಇವುಗಳ ಧಾತುಗಳು ಬೇರೆಬೇರೆ ಇದ್ದಾವು, ಬಳಕೆಯಲ್ಲಿ ಸದ್ದು ಒಂದೇ.

ಈ ಸಲ ರಕ್ತ ಕೊಟ್ಟ ದಿನ ಸಂಜೆ ಮಗಳನ್ನು ಗಾಜಿನ ಮನೆಗೆ ಕರೆದುಕೊಂಡು ಹೋಗಿದ್ದೆ. ಬರುವಾಗ ಮಂಡಕ್ಕಿ ತಿಂದಳು. ಮೆಣಸಿನಕಾಯಿ ನನ್ನ ಪಾಲಿಗೆ. "ಅಪ್ಪ, ಮುಂದಿನ್ ವರ್ಷ ನಂಗೆ ಎರಡು ಚಕ್ರದ ಸೈಕಲ್ ಕೊಡಿಸ್ತೀಯಾ?" ಎಂದಳು. ಹೂಂ ಎಂದೆ. ರಾತ್ರಿ ಅವಳಿಗೆ ಹಾಲು ಬಿಸಿಗಿಟ್ಟು ಒಲೆಯ ಮುಂದೆ ನಿಂತಿದ್ದೆ. ಹಾಲು ಕಾಯಲಿ ಎಂದು ಕಾಯುವುದು, ಉಕ್ಕದಂತೆ ಕಾಯುವುದು, ಎರಡೂ ಒಟ್ಟಿಗೇ ನಡೆದಿತ್ತು. ಒಳಗೆ ಕಾದ ಎಣ್ಣೆಯಂತಿದ್ದ ಮನಸ್ಸು ಬೇರೆ. ನಾನು ವರದಿಗೆ ಕಾಯುತ್ತಿದ್ದೇನೆ ಎಂದರೆ ಅರ್ಧ ಮಾತ್ರ ಹೇಳಿದಂತೆ. ಆ ಒಂದೂವರೆ ದಿನ ನಾನು ಮಗುವನ್ನೂ ಕಾಯುತ್ತಿದ್ದೆ, ನನ್ನ ಭಯ ಅವಳ ತಟ್ಟೆಗೆ ಬೀಳದಂತೆ. ಎಳೆಯ ಮಕ್ಕಳಿರುವವರ ಕಾಯುವಿಕೆ ಕೈಕಟ್ಟಿ ಕೂರುವುದಲ್ಲ. ಅದೊಂದು ಕೆಲಸ.

ಕ್ಯಾನ್ಸರ್ ಕಥನವನ್ನು ಅಳೆಯಲು ನನಗೆ ಸಿಕ್ಕ ಮಾನದಂಡ ಇದು: ಈ ಕೆಲಸ ಅದರಲ್ಲಿ ಕಾಣುತ್ತದೆಯೇ? ಧೈರ್ಯದ ಪ್ರಮಾಣಪತ್ರ ಬೇಡ, ಕಣ್ಣೀರೂ ಕಡ್ಡಾಯವಲ್ಲ. ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ. ಇಂಥ ಪುಸ್ತಕ ಕೈಗೆ ಬಂದಾಗ ಬರೆದವರು ಉಳಿದರೇ ಎಂದು ಕೊನೆಯ ಪುಟ ತಿರುವಬೇಡಿ. ನಡುವಿನ ಸೋಮವಾರ, ಮಂಗಳವಾರಗಳನ್ನು ಅವರು ಹೇಗೆ ಕಳೆದರು, ಬರೆದರೇ ಬಿಟ್ಟರೇ ನೋಡಿ. ಬಿಟ್ಟಿದ್ದರೆ ಯಾಕೆ ಎಂದು ಕೇಳಿ.

ವರದಿ ಬಂದ ಸಂಜೆ ಸೈಕಲನ್ನು ಈಗಲೇ ಕೊಡಿಸಿಬಿಡೋಣ ಎಂದೆ. ನನ್ನ ಹೆಂಡತಿ ಒಪ್ಪಲಿಲ್ಲ. "ಮುಂದಿನ್ ವರ್ಷ ಅಂದೀರಲ್ರೀ, ಮುಂದಿನ್ ವರ್ಷನೇ ಕೊಡಿಸ್ರಿ" ಎಂದಳು. ಹಾಗೇ ಇಟ್ಟಿದ್ದೇವೆ.